ಗುಮಾಸ್ತರ ಹುದ್ದೆಗೆ ಒಂದು ಸರ್ವರ್

ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆಂದು ತಿಳಿಸುವ ನಮ್ಮ ನೀರು ಸರಬರಾಜು ಮಂಡಳಿಯ ಜಾಲತಾಣವು ನೀರು ಬಿಡುವ ಹೊತ್ತಿನಲ್ಲಿ ಮಾತ್ರ ತೆರೆಯುತ್ತಿರಲಿಲ್ಲ. ಉಳಿದ ವೇಳೆಯಲ್ಲಿ ಅದರ ಸೇವೆ ತೃಪ್ತಿಕರವಾಗಿತ್ತು. ಕಚೇರಿಯ ಅಧೀಕ್ಷಕನಾಗಿ ನಾನು ಇದನ್ನು ದೃಢೀಕರಿಸುತ್ತೇನೆ.

ಕಾರಣವನ್ನು ನಮ್ಮ ಟೈಪಿಸ್ಟಮ್ಮ ವಿವರಿಸಿದರು. ಆಗ ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲಿದ್ದ ಹೆಣ್ಣುಮಗಳು. ಜಾಲತಾಣ ನೋಡಿಕೊಳ್ಳುವುದೂ ಅವರೇ. ಜಾಲತಾಣಗಳಿಗೆ ಜಾಗ ಕೊಡುವ ಬಾಡಿಗೆ ಕಂಪನಿಯ ಒಂದೇ ಯಂತ್ರದಲ್ಲಿ ನಮ್ಮ ಜೊತೆ ಒಂದು ಚಪ್ಪಲಿ ಅಂಗಡಿ, ಒಂದು ಈಜು ಶಾಲೆ, ಇನ್ನೂ ಯಾರ್ಯಾರದೋ ಜಾಲತಾಣಗಳು ಬಿಡಾರ ಹೂಡಿದ್ದವಂತೆ. ನೀರಿನ ಹೊತ್ತಿಗೆ ಜನ ಒಮ್ಮೆಗೇ ನುಗ್ಗಿದರೆ ಜಾಗ ಸಾಲದಂತೆ, ಚಪ್ಪಲಿಗೆ ರಿಯಾಯಿತಿ ಬಿಟ್ಟ ದಿನವಂತೂ ನಮಗೆ ಉಸಿರೇ ಕಟ್ಟುತ್ತದಂತೆ. ನಮಗೇ ಅಂತ ಅಂಥ ಒಂದು ಯಂತ್ರ, ಅಂದರೆ ಸರ್ವರ್, ಬಾಡಿಗೆಗೆ ತಗೊಂಡರೆ ಸಾಕು, ದುಬಾರಿಯದೇನೂ ಬೇಡ. ಮಾಹಿತಿ ಇಡುವ ಒಂದು ಡಿಸ್ಕ್ ಕೈಕೊಟ್ಟರೆ ಇನ್ನೊಂದು ಇರಲಿ, ದಿನಾ ಒಂದು ನಕಲು ಬೇರೆ ಕಡೆ ಇಟ್ಟರಾಯಿತು ಎಂದರು. ಇಷ್ಟು ಹೇಳಿ, ಖಾಲಿ ಬಿದ್ದಿರುವ ಕಿರಿಯ ಗುಮಾಸ್ತರ ಹುದ್ದೆಗೆ ತಮ್ಮನ್ನು ಖಾಯಂ ಮಾಡುವ ಮಾತು ಎಲ್ಲಿಗೆ ಬಂತು ಎಂದೂ ಕೇಳಿದರು. ಬರುವ ತಿಂಗಳು ನೋಡೋಣ ಎಂದೆ. ಅವರು ಪ್ರತಿ ತಿಂಗಳೂ ಕೇಳುತ್ತಿದ್ದರು, ನಾನು ಪ್ರತಿ ತಿಂಗಳೂ ಉತ್ತರಿಸುತ್ತಿದ್ದೆ. ಇದರಲ್ಲಿ ನನ್ನ ಕಡೆಯಿಂದ ಒಮ್ಮೆಯೂ ಲೋಪವಾಗಿಲ್ಲ.

ಸರ್ವರ್‌ಗೆ ಬಜೆಟ್ಟಿನಲ್ಲಿ ಹಣವಿರಲಿಲ್ಲ. ಬಾಡಿಗೆಯ ಬಾಬಿನಲ್ಲಿ ಜೀಪೊಂದೇ ಇತ್ತು, ಅದನ್ನು ಮುಟ್ಟುವಂತಿಲ್ಲ. ಕಚೇರಿಯ ಮುಖ್ಯಸ್ಥರಾದ ನಮ್ಮ ಸಾಹೇಬರ ಮಗಳು ಅದರಲ್ಲೇ ಸಂಗೀತ ಪಾಠಕ್ಕೆ ಹೋಗುವುದರಿಂದ ಅದು ಅತ್ಯಗತ್ಯ ಸೇವೆ. ತಿಂಗಳು ತಿಂಗಳು ಬಂದು ಯಾರೂ ಮುಟ್ಟದೆ ಉಳಿಯುತ್ತಿದ್ದ ಹಣವೆಂದರೆ ಆ ಖಾಲಿ ಹುದ್ದೆಯ ಸಂಬಳ. ಸರ್ವರ್ ಅನ್ನೇ ಆ ಹುದ್ದೆಗೆ ನೇಮಿಸಬಹುದು ಎಂಬ ಉಪಾಯ ನನಗೆ ಹೊಳೆಯಿತು. ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

"ಅದು ಟೈಪಿಸ್ಟಮ್ಮನಿಗೆ ಅಂತ ಇಟ್ಟದ್ದಲ್ವೇನ್ರಿ?" ಎಂದರು ಸಾಹೇಬರು.

"ಅವರು ಹೇಗೂ ಬರ್ತಾನೇ ಇದ್ದಾರಲ್ಲ ಸಾರ್," ಎಂದೆ.

ಸಾಹೇಬರು ತಲೆದೂಗಿ ಸಹಿ ಹಾಕಿದರು.

ಆಯ್ಕೆ ಕ್ರಮಬದ್ಧವಾಗಿ ನಡೆಯಿತು. ಬಾಡಿಗೆ ಕಂಪನಿಯವನು ಮೂರು ಸರ್ವರುಗಳ ವಿವರ ತಂದ. ಮೊದಲನೆಯದು ಹೊಚ್ಚ ಹೊಸದು. ಮಂಡಳಿಯ ನೌಕರಿಗೆ ಹದಿನೆಂಟು ತುಂಬಿರಬೇಕಾದ್ದರಿಂದ ತಿರಸ್ಕರಿಸಲಾಯಿತು. ಟೈಪಿಸ್ಟಮ್ಮ ಮೆಚ್ಚಿದ ಎರಡನೆಯದಕ್ಕೆ ಬರೀ ನಾಲ್ಕು ವರ್ಷ, ಅದೂ ಆಗಲಿಲ್ಲ. ಮೂರನೆಯದಕ್ಕೆ ಏಳು. ಬಾಡಿಗೆಯವನು ತಲೆ ಕೆರೆದುಕೊಂಡು ಗೋದಾಮಿಗೆ ಹೋಗಿ, ಹದಿನೆಂಟು ತುಂಬಿ ಮೂರು ತಿಂಗಳಾದ ಒಂದು ಯಂತ್ರವನ್ನು ಧೂಳು ಕೊಡವಿ ತಂದ. ಬಾಡಿಗೆಯೂ ಅಗ್ಗ. ಸಾಹೇಬರಿಗೆ ಬಹಳ ಸಂತೋಷವಾಯಿತು.

ಒಂದು ಹುದ್ದೆಗೆ ಎರಡು ಡಿಸ್ಕ್ ಇಡುವುದಕ್ಕೆ ಲೆಕ್ಕಪರಿಶೋಧಕರು ಒಪ್ಪದ್ದರಿಂದ ಒಂದನ್ನು ಬಿಚ್ಚಿಸಿದೆವು. ನೌಕರನ ನಕಲು ಇಟ್ಟುಕೊಳ್ಳುವುದಂತೂ ಸೇವಾ ನಿಯಮಕ್ಕೆ ವಿರುದ್ಧ. ಯಂತ್ರ ತಮ್ಮ ಕಟ್ಟಡದ ತಂಪು ಕೋಣೆಯಲ್ಲೇ ಇರುತ್ತದೆ ಎಂದು ಬಾಡಿಗೆಯವನು ಗೋಗರೆದ. ಹಾಗಾದರೆ ಹಾಜರಾತಿ? ತಂದು ಗುಮಾಸ್ತರ ಕುರ್ಚಿಯ ಮೇಲೆ ಕೂರಿಸಿದೆವು. ಎಸಿ ಮೊದಲ ದರ್ಜೆಯ ಅಧಿಕಾರಿಗಳಿಗೆ ಮಾತ್ರ. ಗುಮಾಸ್ತರಿಗೆ ಫ್ಯಾನು, ಅದೂ ಇಬ್ಬರಿಗೊಂದು.

ಸರ್ವರ್ ಚೆನ್ನಾಗಿಯೇ ಕೆಲಸ ಮಾಡಿತು. ಬೆಳಿಗ್ಗೆ ಹತ್ತಕ್ಕೆ ಟೈಪಿಸ್ಟಮ್ಮ ಅದರ ಗುಂಡಿ ಒತ್ತುವರು, ಸಂಜೆ ಆರಿಸುವರು. ಭಾನುವಾರ ಜಾಲತಾಣಕ್ಕೆ ರಜೆ. ಸರ್ವರಿನ ಸಾಂದರ್ಭಿಕ ರಜೆಗಳನ್ನೂ ತಪ್ಪದೆ ಕೊಟ್ಟೆವು. ಆ ದಿನ ಟೈಪಿಸ್ಟಮ್ಮನಿಗೆ ಕೆಲಸವಿಲ್ಲದ ಕಾರಣ ಅವರ ಕೂಲಿ ಕಡಿತ ಮಾಡಲಾಯಿತು. ವರ್ಷ ತುಂಬಿದಾಗ, ಎದುರುತ್ತರ ಕೊಟ್ಟ ದಾಖಲೆಯಿಲ್ಲವೆಂದು ಸರ್ವರ್ ಅನ್ನು ಖಾಯಂ ಮಾಡಿದೆವು. ಆದೇಶ ಟೈಪು ಮಾಡಿದ್ದು ಟೈಪಿಸ್ಟಮ್ಮನೇ, ಒಂದಕ್ಷರ ತಪ್ಪಿಲ್ಲದೆ. ಹಾಳೆ ನನ್ನ ಮೇಜಿನ ಮೇಲಿಟ್ಟು, ಇದಕ್ಕೆ ಪಿಂಚಣಿ ಇದೆಯಾ ಸಾರ್ ಎಂದು ಕೇಳಿದರು. ಇದೆ ಎಂದೆ. ಅವರ ಮುಖ ನೋಡಿ ನನಗೂ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಸಂಕಟಕ್ಕೆ ನಿಯಮಾವಳಿಯಲ್ಲಿ ಜಾಗವಿಲ್ಲ.

ಎರಡನೆಯ ಬೇಸಿಗೆ ಬಂತು, ಮೊದಲಿನದಕ್ಕಿಂತ ಬಿರುಸಾಗಿ. ಒಂದು ಮಧ್ಯಾಹ್ನ, ಊಟದ ವಿರಾಮ ಮುಗಿಯುವ ಮೊದಲೇ, ಸರ್ವರ್ ಕಟಕಟ ಎಂದು ಸದ್ದು ಮಾಡಿ ಸುಮ್ಮನಾಯಿತು. ಬಾಡಿಗೆಯವನು ಬಂದು ಮುಟ್ಟಿ ನೋಡಿ, ಸೆಕೆಗೆ ಡಿಸ್ಕ್ ಸುಟ್ಟಿದೆ, ಒಳಗಿದ್ದದ್ದೆಲ್ಲ ಹೋಯಿತು ಎಂದ. ಮರಣ ದೃಢೀಕರಣಕ್ಕೆ ಅವನಿಂದಲೇ ಸಹಿ ಪಡೆದೆವು. ಸಾಹೇಬರು ಎರಡು ನಿಮಿಷ ಮೌನ ಆಚರಿಸಿದರು. ಆಗ ಹೊರಗೆ ನೀರಿನ ಹೊತ್ತು ತಿಳಿಯದೆ ಬಕೆಟ್ ಹಿಡಿದು ಬಂದ ಜನ ಗೇಟು ಬಡಿಯುತ್ತಿದ್ದರಿಂದ ಮೌನ ಅಷ್ಟು ಚೆನ್ನಾಗಿ ಆಗಲಿಲ್ಲ.

ಮರುದಿನ ಟೈಪಿಸ್ಟಮ್ಮ ಒಂದು ಅರ್ಜಿ ಕೊಟ್ಟರು. ಸೇವೆಯಲ್ಲಿರುವಾಗಲೇ ತೀರಿಕೊಂಡ ಖಾಯಂ ನೌಕರನ ಅವಲಂಬಿತರಿಗೆ ಅನುಕಂಪದ ಮೇಲೆ ಕೆಲಸ ಕೊಡಬೇಕು, ಆ ನಿಯಮದಡಿ ತಮಗೆ ಹುದ್ದೆ ಕೊಡಿ ಎಂದು. ನಾನು ನಿಯಮ ತೆಗೆದು ಮೂರು ಸಲ ಓದಿದೆ. ನೌಕರ ಮನುಷ್ಯನಾಗಿರಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಸಾಹೇಬರು ಅವರನ್ನು ಕರೆಸಿ, ಮೃತರ ಮೇಲೆ ಅವಲಂಬಿತರಾಗಿದ್ದಿರಿ ಅನ್ನುವುದಕ್ಕೆ ಏನು ಆಧಾರ ಎಂದು ಕೇಳಿದರು.

"ಅದು ಕೆಲಸ ಮಾಡಿದ ದಿನ ನನಗೆ ಕೂಲಿ ಬಂತು. ಅದು ರಜೆ ಹಾಕಿದ ದಿನ ಬರಲಿಲ್ಲ ಸಾರ್. ನೀವೇ ಸಹಿ ಹಾಕಿದ್ದೀರಿ."

ಸಾಹೇಬರು ನನ್ನ ಕಡೆ ನೋಡಿದರು. ನಾನು ಅವರ ಎಸಿಯ ಕಡೆ ನೋಡಿದೆ.

"ಸರಿಯಮ್ಮ, ಮೃತರಿಗೆ ನೀವು ಏನಾಗಬೇಕು ಅಂತ ಬರ್ಕೊಳ್ಳಲಿ?"

ಟೈಪಿಸ್ಟಮ್ಮ ಬಾಗಿಲಾಚೆ ಕಾಣುತ್ತಿದ್ದ ಗುಮಾಸ್ತರ ಖಾಲಿ ಕುರ್ಚಿಯ ಕಡೆ ಕೈ ತೋರಿಸಿದರು.

"ಬೆಳಿಗ್ಗೆ ನಾನೇ ಎಬ್ಬಿಸ್ತಿದ್ದೆ, ಸಂಜೆ ನಾನೇ ಮಲಗಿಸ್ತಿದ್ದೆ. ಸೆಕೆ ಅಂತ ನನ್ನ ಪಾಲಿನ ಫ್ಯಾನನ್ನೂ ಅದರ ಕಡೆಗೇ ತಿರುಗಿಸಿದ್ದೆ. ತಾಯಿ ಅಂತ ಬರ್ಕೊಳ್ಳಿ."

ಹಾಗೆಯೇ ಬರೆದುಕೊಂಡೆವು. ಹನ್ನೆರಡು ವರ್ಷ ಆಗದ್ದು ಹನ್ನೆರಡು ದಿನದಲ್ಲಿ ಆಯಿತು.

ಹುದ್ದೆ ಭರ್ತಿಯಾದ್ದರಿಂದ ಈಗ ಸರ್ವರ್‌ಗೆ ಹಣವಿಲ್ಲ. ಮೃತರ ಕರ್ತವ್ಯಗಳೆಲ್ಲ ನಿಯಮದಂತೆ ಅವಲಂಬಿತರಿಗೇ ಬಂದಿವೆ. ಟೈಪಿಸ್ಟಮ್ಮ ಅದೇ ಕುರ್ಚಿಯಲ್ಲಿ ಫೋನ್ ಇಟ್ಟುಕೊಂಡು ಕೂರುತ್ತಾರೆ. ಜನ ಫೋನ್ ಮಾಡಿ ಬೀದಿ ಹೇಳುತ್ತಾರೆ, ಇವರು ನೆನಪಿನಿಂದಲೇ ಹೊತ್ತು ಹೇಳುತ್ತಾರೆ. ಮೊದಮೊದಲು ಇದು ಜಾಲತಾಣವೇನಮ್ಮ ಎಂದು ಅನುಮಾನದಿಂದ ಕೇಳುತ್ತಿದ್ದರು. ಹೌದು, ಹೇಳಿ, ಎನ್ನುತ್ತಿದ್ದರು ಟೈಪಿಸ್ಟಮ್ಮ. ಈಗ ಯಾರೂ ಕೇಳುವುದಿಲ್ಲ.

ನೀರು ಬಿಡುವ ಹೊತ್ತಿನಲ್ಲಿ ಮಾತ್ರ ಫೋನ್ ಸಿಗುವುದಿಲ್ಲ. ಆ ಹೊತ್ತಿಗೆ ಅವರು ನೀರು ಹಿಡಿಯಲು ಮನೆಗೆ ಹೋಗಿರುತ್ತಾರೆ. ಖಾಯಂ ನೌಕರರಿಗೆ ಅಷ್ಟು ಅನುಮತಿ ಇದೆ.