ಎಡ ಕಿಡ್ನಿಯ ಗಡ್ಡೆಗೆ ನಾನೇ ಕೊಟ್ಟ ತೀರ್ಪು

ಗ್ಯಾಸಿನ ಹೊಟ್ಟೆನೋವೆಂದು ಶಹಾಬಾದಿನಲ್ಲಿ ಸ್ಕ್ಯಾನ್ ಮಾಡಿಸಿದೆ. ಗ್ಯಾಸು ಕಾಣಲಿಲ್ಲ. ಎಡ ಕಿಡ್ನಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತು! ಮೂವತ್ತು ವರ್ಷ ಮಕ್ಕಳಿಂದ ಕಿಡ್ನಿಯ ಚಿತ್ರ ಬರೆಸಿದ ವಿಜ್ಞಾನದ ಮಾಸ್ತರ ನಾನು. ರಿಪೋರ್ಟನ್ನು ನಾನೇ ಓದಿ, ನಾನೇ ತೀರ್ಪು ಕೊಟ್ಟೆ: ಕ್ಯಾನ್ಸರ್.

ಹೆಂಡತಿ ಶರಣಮ್ಮನ ಮುಂದೆ ರಿಪೋರ್ಟು ಹಿಡಿದು ಹೇಳಿದೆ.

"ಡಾಕ್ಟ್ರು ಹಂಗಂದ್ರೇನು?"

"ಡಾಕ್ಟರಿಗೆ ಇನ್ನಾ ತೋರ್ಸಿಲ್ಲ."

"ಮತ್ತ ಯಾರು ಹೇಳಿದ್ರು?"

"ನಾನೇ!"

ಮರುದಿನವೇ ಅವಳು ನನ್ನನ್ನು ಕಲಬುರಗಿಯ ಡಾಕ್ಟರ ಮುಂದೆ ಕೂರಿಸಿದಳು. "ಗಡ್ಡಿ ಅಂದ್ರ ಎಲ್ಲಾ ಕ್ಯಾನ್ಸರ್ ಅಲ್ರಿ ಮಾಸ್ತರ. ಸಿ.ಟಿ. ಮಾಡಸ್ರಿ" ಎಂದರು ಡಾಕ್ಟರು.

ಯಂತ್ರದೊಳಗೆ ಮಲಗಿದೆ. ಔಷಧದ ಸೂಜಿ ಚುಚ್ಚುವಾಗ ನರ್ಸಮ್ಮ ಏನೋ ಹೇಳಿದಳು, ಹೆದರಿಕೆಯಲ್ಲಿ ಕೇಳಿಸಲಿಲ್ಲ. ಇದ್ದಕ್ಕಿದ್ದಂತೆ ಗಂಟಲಿನಿಂದ ಸೊಂಟದ ಕೆಳಗಿನವರೆಗೆ ಬೆಚ್ಚಗಾಯಿತು. ಮೂವತ್ತು ವರ್ಷದ ಮರ್ಯಾದೆ ಹರಿದುಹೋಯಿತು ಎಂದುಕೊಂಡೆ.

"ಸಿಸ್ಟರ್, ನಿಲ್ಲಸ್ರಿ! ನಂದು ಆಗಿಹೋತು!"

"ಏನೂ ಆಗಿಲ್ರಿ, ಔಷಧದ ಬಿಸಿ ಅದು! ಆಗಳೇ ಹೇಳಿದ್ನಲ್ರಿ!"

ಮುಟ್ಟಿ ನೋಡಿದೆ. ಬಟ್ಟೆ ಒದ್ದೆಯಾಗಿರಲಿಲ್ಲ. ಆದರೆ ನಾನು ಎದ್ದು ಕುಳಿತದ್ದರಿಂದ ಫೋಟೋ ಕೆಟ್ಟಿತ್ತು. ಮತ್ತೊಮ್ಮೆ ಮಲಗಿಸಿದರು. ಹೊರಗೆ ಸರದಿಯಲ್ಲಿದ್ದವರೆಲ್ಲ ನನ್ನ ಘೋಷಣೆ ಕೇಳಿದ್ದರು!

ಸಿ.ಟಿ.ಯಲ್ಲೂ ಗಡ್ಡೆ ಯಾವುದೆಂದು ಖಚಿತವಾಗಲಿಲ್ಲ. ಚೂರು ತೆಗೆದು ಪರೀಕ್ಷಿಸಲು ಬಯಾಪ್ಸಿ ಎಂದರು. ಬೋರಲು ಮಲಗಿಸಿ, ಬೆನ್ನು ಮರಗಟ್ಟಿಸಿ, "ಉಸಿರು ಹಿಡೀರಿ" ಎಂದರು. ಟಕ್ ಎಂದಿತು ಸೂಜಿ.

"ಸತ್ತೆ!"

"ಸತ್ತವರು ಮಾತಾಡಂಗಿಲ್ರಿ. ಸುಮ್ಮ ಮಲಕೊಳ್ರಿ" ಎಂದರು ಡಾಕ್ಟರು.

ರಿಪೋರ್ಟಿಗೆ ಒಂದು ವಾರ. ಕುಂತರೆ ನಿಲ್ಲಬೇಕು, ನಿಂತರೆ ತಿರುಗಾಡಬೇಕು. ಫೋನು ರಿಂಗಾದರೆ ಶರಣಮ್ಮನ ಕೈಗೆ ಕೊಟ್ಟುಬಿಡುತ್ತಿದ್ದೆ. ತಡೆಯಲಾರದೆ ನಾನೇ ಭಂಕೂರು, ಆಡಕಿಯ ನೆಂಟರಿಗೆ ಫೋನು ಮಾಡಿ, "ಕಡೀಗೊಮ್ಮೆ ಬಂದು ನನ್ನ ಮಾರಿ ನೋಡಿ ಹೋಗ್ರಿ" ಎಂದೆ. ಒಂದು ಮಧ್ಯಾಹ್ನ ಶರಣಮ್ಮ ಜೋಳ ಹಸನು ಮಾಡುತ್ತಾ ಮೊರದಲ್ಲೇ ಕೈಯಿಟ್ಟು ಸುಮ್ಮನೆ ಕುಳಿತಿದ್ದಳು. ನಾನು ಪಕ್ಕದಲ್ಲಿ ಕುಳಿತು ಜೋಳದ ಕಲ್ಲು ಆರಿಸತೊಡಗಿದೆ.

ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ! ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ ನೋಡುತ್ತಿದ್ದರೆ ಸಾಕು ಎಂದರು. ಶರಣಮ್ಮ ನಕ್ಕಳು, ಸೆರಗಿನಿಂದ ಕಣ್ಣೂ ಒರೆಸಿಕೊಂಡಳು.

ಮನೆಗೆ ಬಂದರೆ ಕಟ್ಟೆಯ ತುಂಬ ನೆಂಟರು! ಎರಡು ಬಸ್ಸು ಬದಲಿಸಿ ಆಡಕಿಯಿಂದ ಬಂದಿದ್ದ ಸೋದರತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟು ಗಟ್ಟಿ ಅದಿ! ಮತ್ತ ನನಗ್ಯಾಕ ಕರಸ್ದಿ?"

ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ. ಉತ್ತರ ಕೊಟ್ಟವಳು ಶರಣಮ್ಮ.

"ಚಾ ಕುಡದು ಹೋಗ್ರಿ ಅತ್ತಿ. ಇವರಂತೂ ಸದ್ಯಕ್ಕ ಹೋಗಂಗಿಲ್ಲ!"