ಕಣಜ ಹಾಕಿದ ಬೀಗ

"ನನ್ನ ಅಪ್ಪಣೆಯಿಲ್ಲದೆ ಈ ಮನೆಯೊಳಗೆ ಒಂದು ಹುಳವೂ ಕಾಲಿಡಕೂಡದು!"

ಬೀಗ ರಿಪೇರಿಯ ಯಜಮಾನರು ಏಣಿಯ ಮೇಲಿಂದ ಹೀಗೆ ಘೋಷಿಸಿದಾಗ, ಕೆಳಗೆ ಏಣಿ ಹಿಡಿದು ನಿಂತಿದ್ದ ಮಡದಿ, "ಮೊದಲು ನೀವು ಕೆಳಗೆ ಕಾಲಿಡಿ, ನನ್ನ ಕೈ ಸೋತುಹೋಯ್ತು," ಎಂದರು.

ಇಪ್ಪತ್ತೆರಡು ವರ್ಷ ಕಳ್ಳಕಾಕರನ್ನೆಲ್ಲ ಹೊರಗಿಟ್ಟವರಿಗೆ ಕಣಜದ ಹುಳಗಳು ಯಾವ ಲೆಕ್ಕ! ಅವು ಮಡದಿಯ ಹೊಲಿಗೆ ಯಂತ್ರದ ಹಿಂದೆ, ಕನ್ನಡಿಯ ಬೆನ್ನಿಗೆ, ಕೊನೆಗೆ ಯಜಮಾನರ ಕೋಟಿನ ತೋಳಿಗೂ ಮಣ್ಣಿನ ಗೂಡು ಮೆತ್ತಿದ್ದವು. ಯಜಮಾನರು ಎಲ್ಲವನ್ನೂ ಕೆರೆದು ಬಿಸಾಡಿದರು. ಬಳಿಕ ಮನೆಯ ತೂತುಗಳಿಗೆ ನಂಬರು ಬರೆದು, ನಲವತ್ತೊಂದನ್ನೂ ಸಿಮೆಂಟಿನಿಂದ ಮುಚ್ಚಿದರು. ಕಿಟಕಿಗಳಿಗೆ ಜಾಲರಿ ಜಡಿದರು. ಹಿಂಬಾಗಿಲಿಗೆ ಒಳಗಿನಿಂದ ಎರಡು ಅಗುಳಿ!

"ಮುಂಬಾಗಿಲಿನ ಕೀಲಿಕೈ ತೂತು ಹಾಗೇ ಬಿಟ್ರಲ್ಲ?"

"ಬೀಗದವನಿಗೇ ಬೀಗದ ಪಾಠಾನಾ? ಅದು ನಮ್ಮ ತಾತ ಕೂರಿಸಿದ ಬೀಗ. ಅದಕ್ಕೆ ಚಿಂದಿ ತುರುಕಿದ್ರೆ ವಂಶದ ಮರ್ಯಾದೆ ಏನಾಗ್ಬೇಕು?"

ಹೀಗಾಗಿ ಮನೆ ಕಳೆದುಕೊಂಡ ಕಣಜಗಳಿಗೆ ಉಳಿದದ್ದು ನಲವತ್ತೆರಡನೆಯ ತೂತೊಂದೇ.

ದಂಪತಿಗಳು ಎರಡು ದಿನ ಯಜಮಾನರ ನಾದಿನಿಯ ಮನೆಯಲ್ಲಿದ್ದು ಭಾನುವಾರ ಸಂಜೆ ನಾಲ್ಕಕ್ಕೆ ಹಿಂತಿರುಗಿದಾಗ, ಬೇಕರಿಯವರ ಮಗಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಆರು ಗಂಟೆಗೆ ಶಾಲೆಯ ನಾಟಕದಲ್ಲಿ ಅವಳು ರಾಣಿ. ಮಡದಿ ಹೊಲಿದಿಟ್ಟ ರಾಣಿಯ ಕೆಂಪು ಅಂಗಿ ಒಳಗಿತ್ತು.

ಕೀಲಿಕೈ ಅರ್ಧಕ್ಕೇ ನಿಂತಿತು. ಕಿಂಡಿಯ ತುಂಬ ಒಣಮಣ್ಣು. ಕರಣೆಯಿಂದ ಸವರಿದಷ್ಟು ನುಣುಪು!

"ನೀರು ಹಾಕಿ ನೆನೆಸೋಣ್ವಾ?"

"ತುಕ್ಕು ಹಿಡಿಯುತ್ತೆ, ಸುಮ್ನಿರು!" ಎಂದು ಯಜಮಾನರು ಬಲವಾಗಿ ತಿರುಗಿಸಿದರು. ಟಕ್! ಅರ್ಧ ಕೀಲಿಕೈ ಕೈಯಲ್ಲಿ, ಅರ್ಧ ಬೀಗದಲ್ಲಿ.

"ನಿಮ್ಮ ಹತಾರ?"

"ಒಳಗಿದೆ."

"ಅಂಗಡಿ ಕೀಲಿಕೈ?"

"ಅದೂ ಒಳಗೆ."

"ಕಿಟಕಿ ಜಡಿದಾಗಿದೆ, ಹಿಂದೆ ಅಗುಳಿ. ಭೇಷ್! ಹುಳಾನೂ ಹೊರಗೆ, ನಾವೂ ಹೊರಗೆ!"

ಹುಡುಗಿಯ ಕಣ್ಣು ತುಂಬಿತು. "ಆಂಟಿ, ನಾನು ಹೋಗದಿದ್ರೆ ಮರವಾಗಿ ನಿಲ್ಲೋಳನ್ನೇ ರಾಣಿ ಮಾಡ್ತಾರಂತೆ!"

ಬೀದಿ ನೆರೆಯಿತು. ನೆರೆದವರಲ್ಲಿ ಅರ್ಧ ಜನ ಯಜಮಾನರ ಗಿರಾಕಿಗಳೇ!

"ನನ್ನ ತಮ್ಮನ್ನ ಕರೀತೀನಿ," ಎಂದರು ಮಡದಿ.

ಯಜಮಾನರಿಂದಲೇ ಕಸುಬು ಕಲಿತು, ಅವರ ಅಂಗಡಿಯ ಎದುರಿಗೇ ಅಂಗಡಿ ತೆರೆದ ಭಾವಮೈದ ಅವನು! ಮೂರು ವರ್ಷದಿಂದ ಮಾತಿಲ್ಲ, ಕತೆಯಿಲ್ಲ.

"ನನ್ನ ಹೆಣ ಬಿದ್ದ ಮೇಲೆ ಕರಿ!"

"ಹಾಗಾದ್ರೆ ನೀವೇ ಹೋಗಿ ರಾಣಿಯಾಗಿ!"

ಯಜಮಾನರು ಹುಡುಗಿಯತ್ತ ನೋಡಿದರು. ಗಡಿಯಾರ ನೋಡಿದರು. ಯಾರಿಗೂ ಕೇಳಿಸದಂತೆ, "ಕರಿ," ಎಂದರು.

ಭಾವಮೈದ ಬಂದವನೇ ಬಗ್ಗಿ ನೋಡಿದ, ಕಿಂಡಿಗೆ ನೀರು ಸುರಿದ, ಕಾದ. ಸಣ್ಣ ಕೊಕ್ಕೆಯಿಂದ ಕೆಸರನ್ನೆಳೆದ. ಜೊತೆಗೆ ಕಣಜ ತನ್ನ ಮರಿಗೆಂದು ಕೂಡಿಟ್ಟ ಮೂರು ಮಂಕಾದ ಜೇಡ, ಒಂದು ದುಂಡು ಮರಿಹುಳ, ಕೊನೆಗೆ ಅರ್ಧ ಕೀಲಿಕೈ ಹೊರಬಂದವು. ಅದೇ ಕೊಕ್ಕೆಯನ್ನು ಒಳಗೆ ತಿರುಗಿಸಿದ್ದೇ ಬಾಗಿಲು ತೆರೆಯಿತು!

"ನೀವೇ ಕಲಿಸಿದ್ದು, ಭಾವ. ಮೊದಲು ಕಣ್ಣು, ಆಮೇಲೆ ಕೈ."

ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿರುವಾಗ ರಾಣಿ ಅಂಗಿ ಎತ್ತಿಹಿಡಿದು ಶಾಲೆಯತ್ತ ಓಡಿದಳು. ಯಜಮಾನರು ಭಾವಮೈದನಿಗೆ ಕಾಫಿ ಕೊಡಿಸಿ, ಪ್ರಕರಣ ಇಲ್ಲಿಗೆ ಮುಗಿಯಿತೆಂದು ನಿಟ್ಟುಸಿರುಬಿಟ್ಟರು.

ಮರುದಿನ ಅಂಗಡಿ ತೆರೆಯುವಷ್ಟರಲ್ಲಿ ಪಕ್ಕದ ಬೀದಿಯ ಮೇಷ್ಟ್ರು ಬಾಗಿಲಲ್ಲೇ ಕಾದಿದ್ದರು.

"ಯಜಮಾನ್ರೇ, ನಿಮ್ಮ ಮನೆಗೆ ಹಾಕಿದ್ದೀರಲ್ಲ, ಅಂಥದ್ದೇ ಬೀಗ ಕೊಡಿ. ನಿನ್ನೆ ಕಣ್ಣಾರೆ ನೋಡ್ದೆ. ನಿಮ್ಮ ಕೈಲೇ ತೆಗೆಯೋಕಾಗದ್ದನ್ನ ಇನ್ಯಾವ ಕಳ್ಳ ತೆಗೀತಾನೆ!"