ಫೈನಲ್‌ಗೆ ಮುನ್ನ ಎರಡು ದೂರು

ಗೆಲ್ಲುವ ತನಕ ನಮ್ಮವರು ಸಂಭಾವಿತರೇ. ಗೆದ್ದ ಮೇಲೆ ಮಾತ್ರ ಏನಾದರೊಂದು ಆಗದೆ ಇರುವುದಿಲ್ಲ. ಅಮೆರಿಕದ ನೇಪರ್‌ವಿಲ್‌ನ ನಮ್ಮ ಕನ್ನಡಿಗರ ಬೇಸ್‌ಬಾಲ್ ತಂಡದಲ್ಲಿ ಹದಿನಾಲ್ಕು ಜನ. ಅರ್ಧ ಇಲ್ಲೇ ಹುಟ್ಟಿದ ಹುಡುಗರು, ಅರ್ಧ ತಲೆ ನರೆತ ಇಂಜಿನಿಯರುಗಳು. ಗಲಾಟೆಯಲ್ಲಿ ವಯಸ್ಸಿನ ಭೇದವಿಲ್ಲ. ನಾನು ಮ್ಯಾನೇಜರು, ಅಂದರೆ ಹೋಟೆಲ್ ಬುಕ್ ಮಾಡಿ ಆಮೇಲೆ ಕ್ಷಮೆ ಕೇಳುವವಳು. ವಾರದ ದಿನಗಳಲ್ಲಿ ಮಕ್ಕಳ ಹಲ್ಲು ಕೀಳುತ್ತೇನೆ. ಅದು ಇದಕ್ಕಿಂತ ಸಲೀಸು.

೧. ಕುಂಬಳಕಾಯಿ

ಹೋದ ವರ್ಷ ಓಕ್ ಬ್ರೂಕ್‌ನಲ್ಲಿ ಚಾಂಪಿಯನ್ ಆದೆವು. ನಮ್ಮ ಕ್ಯಾಪ್ಟನ್ ಧಾರವಾಡದವರು. "ಇಷ್ಟು ಮಂದಿ ಕಣ್ಣು ಬಿದ್ದಾವ, ದೃಷ್ಟಿ ತಗೀಲಿಕ್ಕೇ ಬೇಕು" ಎಂದು ಬೂದುಗುಂಬಳದೊಳಗೆ ಕುಂಕುಮ ತುಂಬಿ, ಹೋಟೆಲ್ ಬಾಗಿಲಲ್ಲೇ ಒಡೆದರು. ನೆಲದ ತುಂಬ ಕೆಂಪು. ಸುತ್ತ ಬ್ಯಾಟು ಹಿಡಿದು ಕೂಗುತ್ತಿದ್ದ ಹದಿಮೂರು ಜನ. ಯಾರೋ ಪೊಲೀಸರಿಗೆ ಫೋನ್ ಮಾಡಿದರು.

"ಪೆಟ್ಟು ಬಿದ್ದಿದ್ದು ಯಾರಿಗೆ?" ಎಂದ ಪೊಲೀಸ್.

"ಕುಂಬಳಕಾಯಿಗೆ."

"ಯಾಕೆ ಹೊಡೆದಿರಿ?"

"ಅದರದೇನೂ ತಪ್ಪಿಲ್ಲ, ಸರ್" ಎಂದರು ಕ್ಯಾಪ್ಟನ್.

೨. ಹಿಟ್ಟು

ಈ ವರ್ಷ ಪಂದ್ಯಾವಳಿ ಡೆಟ್ರಾಯಿಟ್ ಕಡೆ. ನಮ್ಮ ಕೀರ್ತಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಪಕ್ಕದ ಲಿವೋನಿಯಾ ಊರಿನಲ್ಲಿ ಒಂದೇ ಹೋಟೆಲ್ ಒಪ್ಪಿತು, ಅದೂ ನನ್ನಿಂದ ಕಾಗದಕ್ಕೆ ಸಹಿ ಹಾಕಿಸಿಕೊಂಡು. ಎರಡು ದೂರು ಬಂದರೆ ತಂಡ ಹೊರಕ್ಕೆ. ಹೋಟೆಲ್‌ನಿಂದ ಹೊರಬಿದ್ದ ತಂಡಕ್ಕೆ ಫೈನಲ್ ಇಲ್ಲ ಎನ್ನುವುದು ಸಂಘಟಕರ ನಿಯಮ.

ಶನಿವಾರ ಸೆಮಿಫೈನಲ್ ದಿನ ತಿಂಡಿಗೆ ಇಳಿದರೆ, ನಮ್ಮವರು ಹೋಟೆಲಿನ ವಾಫಲ್ ಮಷಿನ್ನಿಗೆ ಮನೆಯಿಂದ ತಂದ ದೋಸೆ ಹಿಟ್ಟು ಹೊಯ್ಯುತ್ತಿದ್ದಾರೆ! ಚೌಕುಳಿ ಚೌಕುಳಿ ದೋಸೆ, ಮೇಲೆ ಚಟ್ನಿಪುಡಿ. ಹಿಂದೆ ಅಮೆರಿಕನ್ನರ ಸಾಲು.

"ಯಾರು ಹೇಳಿದ್ದು ನಿಮಗೆ ಇದನ್ನ ಮಾಡಕ್ಕೆ?" ಎಂದೆ.

"ಚಿಲ್, ಆಂಟಿ. ದೇ ಲವ್ ಇಟ್" ಎಂದ ಒಬ್ಬ ಹುಡುಗ.

ದೂರು ಬಂದೇಬಂತು. ಹಿಟ್ಟು ಹೊಯ್ದದ್ದಕ್ಕಲ್ಲ, ಸಾಲಿನ ಕೊನೆಯವನಿಗೆ ಹಿಟ್ಟು ಮುಗಿದುಹೋದದ್ದಕ್ಕೆ.

೩. ಕಾರಿಡಾರು

ಸೆಮಿಫೈನಲ್ ಗೆದ್ದೆವು. ಭಾನುವಾರ ಫೈನಲ್. ಇನ್ನೊಂದೇ ದೂರು ಸಾಕು, ಮನೆಗೆ ಹೋಗಬೇಕು. ಬೆಳಗ್ಗೆ ಆರಕ್ಕೇ ಕಾರಿಡಾರಿಗೆ ಬಂದು ಒಂದೊಂದೇ ಬಾಗಿಲು ಬಡಿದೆ.

"ಸದ್ದು ಮಾಡಬೇಡ್ರೋ! ಯಾರಾದ್ರೂ ಸೊಲ್ಲೆತ್ತಿದ್ರೆ ಹಲ್ಲು ಕಿತ್ತು ಕೈಗೆ ಕೊಡ್ತೀನಿ!"

ಒಬ್ಬ ಹುಡುಗ ಕಣ್ಣುಜ್ಜುತ್ತಾ ಬಾಗಿಲು ತೆರೆದ. "ಆಂಟಿ, ವಿ ಆರ್ ಸ್ಲೀಪಿಂಗ್."

"ಗೊತ್ತು ನಿಮ್ಮ ಸ್ಲೀಪಿಂಗು!" ಎಂದು ಇನ್ನೂ ಜೋರಾಗಿ ಮುಂದಿನ ಬಾಗಿಲು ಬಡಿದೆ.

ಏಳಕ್ಕೆ ಹೋಟೆಲ್ ಮ್ಯಾನೇಜರಮ್ಮ ಕೆಳಗೆ ಕರೆಸಿ, "ಎರಡನೇ ದೂರು ಬಂದಿದೆ" ಎಂದಳು. ಅಳು ಬಂತು.

"ಯಾವ ರೂಮು? ಅವನನ್ನ ನಾನೇ ವಿಚಾರಿಸ್ಕೋತೀನಿ."

"ರೂಮಲ್ಲ. ಯಾರೋ ಹೆಂಗಸು ಆರು ಗಂಟೆಯಿಂದ ಕಾರಿಡಾರಿನಲ್ಲಿ ಕಿರುಚುತ್ತಿದ್ದಾಳಂತೆ. ಪಾಪ, ಬೇಸ್‌ಬಾಲ್ ತಂಡದವರು ಮಲಗಿದ್ದಾರಂತೆ."

ನಾನು ಬಾಯಿಬಿಡುವ ಮೊದಲೇ ಕ್ಯಾಪ್ಟನ್ ಲುಂಗಿಯಲ್ಲೇ ಇಳಿದು ಬಂದರು. "ಈಕಿ ನಮ್ಮಾಕಿ. ತಪ್ಪಾತು, ಇನ್ನೊಮ್ಮೆ ಹಿಂಗಾಗಂಗಿಲ್ಲ" ಎಂಬುದನ್ನೇ ಇಂಗ್ಲಿಷಿನಲ್ಲಿ ಹೇಳಿ, ಒಂದು ಕಾಗದ ಕೇಳಿದರು. ನನ್ನ ನಡತೆಗೆ ತಾವೇ ಜವಾಬ್ದಾರರು ಎಂದು ಬರೆದು, ಹದಿನಾಲ್ಕು ಜನರೂ ಸಹಿ ಹಾಕಿದರು. ದೂರು ಆಟಗಾರರ ಮೇಲಲ್ಲವಲ್ಲ ಎಂದು ಆಕೆ ಒಪ್ಪಿದಳು.

ಫೈನಲ್ ಗೆದ್ದೆವು. ವಾಪಸ್ ಬರುವಾಗ ವ್ಯಾನಿನಲ್ಲಿ ಕೂಗಿಲ್ಲ, ಕುಣಿತವಿಲ್ಲ. ನೇಪರ್‌ವಿಲ್ ಮುಟ್ಟುವವರೆಗೂ ಹದಿನಾಲ್ಕು ಜನ ಸರದಿಯ ಮೇಲೆ ನನ್ನ ಕಾವಲು ಕಾಯುತ್ತಿದ್ದರು.